26 ಲಕ್ಷದ ನೋಟಿಸು, ಕಂಬಿಗೆ ಚುಚ್ಚಿದ ಹಾಲಿನ ಚೀಟಿ

ಬೆಳಗ್ಗೆ 11 ಗಂಟೆ ನಮ್ಮ ಅಂಗಡಿಯಲ್ಲಿ ಸ್ವಲ್ಪ ಉಸಿರು ಬಿಡುವ ಹೊತ್ತು. ಹಾಲು, ಬ್ರೆಡ್ಡಿನ ಗಿರಾಕಿಗಳು ಬಂದು ಹೋಗಿರುತ್ತಾರೆ. ಸಿಗರೇಟು, ಕೂಲ್ ಡ್ರಿಂಕ್ಸ್‌ನವರು ಇನ್ನೂ ಬಂದಿರುವುದಿಲ್ಲ. 2025ರ ಜುಲೈ ಎರಡನೇ ವಾರ, ಅಂಥದ್ದೇ ಹೊತ್ತಲ್ಲಿ ಪೋಸ್ಟ್‌ಮ್ಯಾನ್ ಒಂದು ಉದ್ದನೆ ಕವರು ಕೊಟ್ಟು ಸೈನ್ ಹಾಕಿಸಿಕೊಂಡು ಹೋದರು. ಒಡೆದು ನೋಡಿದೆ. ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು. ಮೂರು ವರ್ಷದ ಯುಪಿಐ ಜಮಾ 1 ಕೋಟಿ 45 ಲಕ್ಷ, ಅದಕ್ಕೆ ಶೇ. 18ರಂತೆ ಜಿಎಸ್‌ಟಿ 26 ಲಕ್ಷದ ಮೇಲೆ. ನಾನು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದೆ. ಎರಡು ಸಲ ಎಣಿಸಿದೆ.

ನಾವು ಹಾಸನದ ಕಡೆಯವರು. ಬೆಂಗಳೂರಿಗೆ ಬಂದು 14 ವರ್ಷ. ಒಂದು ಲೇಔಟಿನ ಮೂಲೆಯಲ್ಲಿ ಹತ್ತಡಿ ಅಗಲದ ಕಾಂಡಿಮೆಂಟ್ಸ್ ನಮ್ಮದು. ಯಜಮಾನರು ಬೆಳಗ್ಗೆ ನಾಲ್ಕೂವರೆಗೆ ಹಾಲಿನ ಕ್ರೇಟು ಇಳಿಸಿಕೊಳ್ಳುತ್ತಾರೆ, ನಾನು ಏಳಕ್ಕೆ ಬಂದು ಗಲ್ಲಾದಲ್ಲಿ ಕೂರುತ್ತೇನೆ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದು ಕೈಗೆ ಉಳಿಯುವುದು ತಿಂಗಳಿಗೆ 25-30 ಸಾವಿರ. ಅಂಥವರಿಗೆ 26 ಲಕ್ಷ ಅಂದರೆ ಅದು ದುಡ್ಡಿನ ಲೆಕ್ಕವೇ ಅಲ್ಲ, ಯಾವುದೋ ಫೋನ್ ನಂಬರ್ ತರ ಕಾಣುತ್ತೆ.

ಯಜಮಾನರು ಮಾಡಿದ ಮೊದಲ ಕೆಲಸ ಕ್ಯೂಆರ್ ಸ್ಟಿಕ್ಕರ್ ಕಿತ್ತಿದ್ದು. ರಟ್ಟಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬರೆದು ತೂಗುಹಾಕಿದರು. ಆಗ ನಮ್ಮ ರಸ್ತೆಯಲ್ಲಿ ಐದಾರು ಅಂಗಡಿಯಲ್ಲಿ ಇದೇ ಬೋರ್ಡು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂದಿದೆ ಅಂತ ಟಿವಿಯಲ್ಲಿ ದಿನಾ ತೋರಿಸುತ್ತಿದ್ದರು. ಪಕ್ಕದ ಹಾರ್ಡ್‌ವೇರ್ ಅಂಗಡಿ ಅಣ್ಣ, ‘ಯಾರೂ ಉತ್ತರ ಕೊಡಬೇಡಿ, ಎಲ್ಲ ಒಟ್ಟಿಗೆ ಸುಮ್ನಿದ್ರೆ ಏನೂ ಮಾಡಕ್ಕಾಗಲ್ಲ’ ಅಂದರು. ವಾಟ್ಸಾಪ್ ಗ್ರೂಪಲ್ಲೂ ಅದೇ. ಅಣ್ಣನಿಗೆ ನೋಟಿಸು ಬಂದಿರಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಸ್ಟಿಕ್ಕರ್ ಕಿತ್ತಿದ್ದು ದಡ್ಡತನ. ಇಲಾಖೆಯವರ ಹತ್ತಿರ ಇರುವುದು ಆಗಿಹೋದ ವರ್ಷಗಳ ಲೆಕ್ಕ, ಇವತ್ತು ಕಿತ್ತರೆ ಅದು ಅಳಿಸಿ ಹೋಗುತ್ತಾ? ತೆರಿಗೆ ವ್ಯಾಪಾರಕ್ಕೆ ಹೊರತು ಯುಪಿಐಗಲ್ಲ, ನಗದಲ್ಲಿ ತಗೊಂಡರೂ ಅದೇ ಕಾನೂನು. ವಾಣಿಜ್ಯ ತೆರಿಗೆ ಇಲಾಖೆಯವರೂ ಅದನ್ನೇ ಹೇಳಿದರು. ನಮಗೆ ಆಗಿದ್ದೇನಂದರೆ ಮೂರು ದಿನ ವ್ಯಾಪಾರ ಅರ್ಧಕ್ಕೆ ಇಳಿಯಿತು. ಚಿಲ್ಲರೆ ಇಲ್ಲ ಅಂತ ಜನ ಹಾಲು ಬಿಟ್ಟು ಹೋದರು. ನಾಲ್ಕನೇ ದಿನ ನಾನೇ ಹೊಸ ಸ್ಟಿಕ್ಕರ್ ಅಂಟಿಸಿದೆ.

ಎರಡನೇ ದಡ್ಡತನ ಇದಕ್ಕಿಂತ ದೊಡ್ಡದು. ನೋಟಿಸು ಬಂದ ಮಾರನೆ ದಿನವೇ ಒಬ್ಬರು ಬಂದರು. ಇಸ್ತ್ರಿ ಶರ್ಟು, ಕೈಯಲ್ಲಿ ಫೈಲು. ‘ಆಫೀಸಲ್ಲಿ ನಮ್ಮವರಿದ್ದಾರೆ. 50 ಸಾವಿರ ಕೊಡಿ, ಫೈಲ್ ಕ್ಲೋಸ್ ಮಾಡಿಸ್ತೀನಿ. ಈಗ 5 ಕೊಟ್ಟಿರಿ ಸಾಕು.’ ಯಜಮಾನರು ಹೆದರಿದ್ದರು. ಗಲ್ಲಾದಿಂದ 5 ಸಾವಿರ ತೆಗೆದು ಕೊಟ್ಟೇಬಿಟ್ಟರು. ಆತ ಎರಡು ಬಿಳಿ ಹಾಳೆಯಲ್ಲಿ ಸೈನ್ ಕೇಳಿದ. ಅಷ್ಟು ಹೊತ್ತಿಗೆ ನಾನು ಮನೆಯಿಂದ ಊಟದ ಡಬ್ಬಿ ತಗೊಂಡು ಬಂದೆ. ‘ಏನೂ ಬರೆಯದ ಹಾಳೆಗೆ ಸೈನ್ ಯಾಕೆ ಸಾರ್?’ ಅಂದೆ. ‘ಅಮ್ಮ, ಪ್ರೊಸೀಜರ್’ ಅಂದ. ಸೈನ್ ಕೊಡಲಿಲ್ಲ. 5 ಸಾವಿರ ಹೋಯಿತು, ರಸೀದಿಯೂ ಇಲ್ಲ. ಇವತ್ತಿಗೂ ಮನೆಯಲ್ಲಿ ಜಗಳ ಆದಾಗ ಆ 5 ಸಾವಿರ ಒಮ್ಮೆ ಬಂದು ಹೋಗುತ್ತೆ.

ಅದೇ ವಾರ ಒಂದು ಫೋನು. ‘ಕಮಿಷನರ್ ಆಫೀಸಿಂದ. ಇವತ್ತು ಸಂಜೆಯೊಳಗೆ 15 ಸಾವಿರ ಹಾಕಿದ್ರೆ ಅಕೌಂಟ್ ಫ್ರೀಜ್ ಆಗಲ್ಲ.’ ನಾನು ಕೇಳಿದೆ, ‘ನಮ್ಮ ನೋಟಿಸಿನ ನಂಬರು, ತಾರೀಕು ಹೇಳಿ ಸಾರ್.’ ಫೋನು ಕಟ್ ಆಯಿತು. ಅವತ್ತೇ ಬಸ್ಸು ಹತ್ತಿ ನೋಟಿಸಿನಲ್ಲಿದ್ದ ವಿಳಾಸಕ್ಕೆ ಹೋದೆ. ಕಾಗದ ತೋರಿಸಿ, ‘ಇದು ಇಲ್ಲಿಂದಲೇ ಬಂದಿದ್ದಾ?’ ಅಂತ ಕೇಳಿದೆ. ಗುಮಾಸ್ತರು ನಂಬರ್ ನೋಡಿ ಹೌದು ಅಂದರು. ದುಡ್ಡು ಯಾರ ಕೈಗೂ ಕೊಡಬೇಡಿ, ಕಟ್ಟುವುದಿದ್ದರೆ ಪೋರ್ಟಲ್‌ನಲ್ಲಿ ಚಲನ್ ಮೂಲಕವೇ ಅಂತಲೂ ಹೇಳಿದರು. ಕೇಳಿದ್ದು ಒಂದೇ ಪ್ರಶ್ನೆ, ಆದರೆ ಅರ್ಧ ಭಯ ಅಲ್ಲೇ ಇಳಿಯಿತು. ಮೊದಲೇ ಹೋಗಿದ್ದರೆ 5 ಸಾವಿರ ಉಳಿಯುತ್ತಿತ್ತು ಅಂತಲೂ ಅನಿಸಿತು.

ಆಮೇಲೆ ಹುಡುಕಿದ್ದು ಆಡಿಟರ್ ಅವರನ್ನು. ನಮಗೆ ಬೇಳೆ, ಸಕ್ಕರೆ ಕೊಡುವ ಹೋಲ್‌ಸೇಲ್ ಅಂಗಡಿಯವರು ಹೇಳಿ ಕಳಿಸಿದರು. ವಯಸ್ಸಾದವರು, ಮನೆ ಮಹಡಿಯಲ್ಲೇ ಆಫೀಸು. ಫೀಸು 8 ಸಾವಿರ ಅಂದರು, ರಸೀದಿ ಬರೆದುಕೊಟ್ಟರು. ನೋಟಿಸನ್ನು ನಿಧಾನಕ್ಕೆ ಪೂರ್ತಿ ಓದಿದರು. ಕನ್ನಡಕ ತೆಗೆದು, ‘ಇದನ್ನ ನೀವು ಓದಿದ್ರಾ ಅಮ್ಮ?’ ಅಂದರು. ನಾನು ಓದಿದ್ದು ಅಂಕಿಗಳನ್ನು ಮಾತ್ರ.

‘ಇದರಲ್ಲಿ ದುಡ್ಡು ಕಟ್ಟಿ ಅಂತ ಇಲ್ಲ. ಯಾಕೆ ತೆರಿಗೆ ಹಾಕಬಾರದು, ದಾಖಲೆ ಸಮೇತ ಹೇಳಿ ಅಂತ ಇದೆ. ಇದು ನೋಟಿಸು, ಆರ್ಡರ್ ಅಲ್ಲ. ನೀವು ಸುಮ್ನಿದ್ರೆ ಅವರಿಗೆ ಗೊತ್ತಿರೋದು ಯುಪಿಐ ಅಂಕಿ ಒಂದೇ. ಅದರ ಮೇಲೇ ಆರ್ಡರ್ ಮಾಡ್ತಾರೆ. ಆಮೇಲೆ ಅಪೀಲು, ಬಡ್ಡಿ, ದಂಡ, ಅದು ಬೇರೆ ದಾರಿ.’

ಆಮೇಲೆ ಅವರು 40 ಲಕ್ಷದ ಲೆಕ್ಕ ಬಿಡಿಸಿ ಹೇಳಿದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಸೇವೆ ಆದರೆ 20 ಲಕ್ಷ. ಹಾಲಿಗೆ ತೆರಿಗೆ ಇಲ್ಲ, ಬ್ರೆಡ್ಡಿಗೆ ಇಲ್ಲ. ಬರೀ ಹಾಲು ಮಾರುವವರು ಎಷ್ಟೇ ಕೋಟಿ ಮಾರಿದರೂ ನೋಂದಣಿ ಬೇಡ. ಆದರೆ ಹಾಲಿನ ಪಕ್ಕ ಒಂದು ಬಿಸ್ಕತ್ ಪ್ಯಾಕೆಟ್ ಇಟ್ಟರೆ, 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತೆ. ತೆರಿಗೆ ಮಾತ್ರ ಬಿಸ್ಕತ್ತಿಗೆ. ಇದು ನನಗೆ ತಲೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ನಾವು ಅಷ್ಟು ವರ್ಷ, ‘ನಮ್ಮದು ಹಾಲಿನಂಗಡಿ, ಟ್ಯಾಕ್ಸ್ ಇಲ್ಲ’ ಅಂತಲೇ ಅಂದುಕೊಂಡಿದ್ದೆವು. ತಪ್ಪು ನಮ್ಮದೇ. 2022-23ರಲ್ಲೇ ನಾವು ನೋಂದಣಿ ಮಾಡಿಸಬೇಕಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದೆವು. ಪ್ರಿಂಟ್ ಹಾಕಿಸಿದರೆ ಒಂದು ಚೀಲ ಕಾಗದ. ಎರಡು ರೂಪಾಯಿ ಚಾಕೊಲೇಟಿಗೂ ಜನ ಸ್ಕ್ಯಾನ್ ಮಾಡಿರುತ್ತಾರೆ, ಎಲ್ಲಕ್ಕೂ ಒಂದೊಂದು ಸಾಲು. ರಾತ್ರಿ ಅಂಗಡಿ ಮುಚ್ಚಿ, ಊಟ ಆದಮೇಲೆ ನೆಲದ ಮೇಲೆ ಹರಡಿಕೊಂಡು ನಾನೂ ಮಗಳೂ ಕೂತೆವು. ಅವಳು ಎರಡನೇ ಪಿಯುಸಿ. ಅವಳ ಹೈಲೈಟರ್‌ಗಳು ಬಂದವು. ಹಸಿರು ಅಂದರೆ ವ್ಯಾಪಾರ, ಕೇಸರಿ ಅಂದರೆ ಮನೆ ದುಡ್ಡು. ಚಿಕ್ಕ ಮೊತ್ತಗಳನ್ನು ಬಿಟ್ಟು ಸಾವಿರದ ಮೇಲಿನವನ್ನು ಮಾತ್ರ ಹುಡುಕುತ್ತಾ ಹೋದೆವು.

ಕೇಸರಿ ಏನೇನು ಬಂತು ಅಂದರೆ, ಭಾವ ಕೊಟ್ಟ ಕೈಸಾಲ ಒಂದೂವರೆ ಲಕ್ಷ. ಚೀಟಿ ಎತ್ತಿದ್ದು ಒಂದು ಲಕ್ಷ. ಊರಲ್ಲಿ ಹಸು ಮಾರಿದ್ದಕ್ಕೆ ಮಾವ ಹಾಕಿಸಿದ ದುಡ್ಡು. ಇನ್ನೊಂದು ಇದೆ, ಅದು ಪ್ರತಿ ಅಂಗಡಿಯಲ್ಲೂ ನಡೆಯುವುದೇ. ‘ಅಕ್ಕಾ, 2000 ಹಾಕ್ತೀನಿ, ಕ್ಯಾಶ್ ಕೊಡಿ.’ ನಮ್ಮ ರಸ್ತೆಗೆ ಎಟಿಎಂ ದೂರ. ಪಿಜಿ ಹುಡುಗರು, ಮನೆಕೆಲಸದವರಿಗೆ ಸಂಬಳ ಕೊಡುವವರು, ಎಲ್ಲ ನಮ್ಮ ಹತ್ತಿರವೇ ಬರುತ್ತಾರೆ. ಒಂದು ಪೈಸೆ ಲಾಭ ಇಲ್ಲ, ಸುಮ್ನೆ ಒಂದು ಉಪಕಾರ. ಅದೆಲ್ಲ ಇಲಾಖೆಯ ಲೆಕ್ಕದಲ್ಲಿ ವ್ಯಾಪಾರ! 2023-24ನೇ ವರ್ಷ ಒಂದರಲ್ಲೇ ಕೇಸರಿ ಬಣ್ಣದ್ದು ನಾಲ್ಕೂವರೆ ಲಕ್ಷ ಆಯಿತು. ಹಾಗೆ ಕ್ಯಾಶ್ ತಗೊಂಡ ಐದು ಜನರ ಹತ್ತಿರ ಒಂದೊಂದು ಚೀಟಿ ಬರೆಸಿಕೊಳ್ಳಲು ಹೋದೆ. ನಾಲ್ಕು ಜನ ಬರೆದುಕೊಟ್ಟರು. ಒಬ್ಬರು, ‘ನನ್ನ ಹೆಸರು ಬೇಡ ಅಕ್ಕಾ’ ಅಂದರು. ಬೇಜಾರಾಯಿತು, ಆದರೆ ಅವರ ಭಯ ನನಗೆ ಅರ್ಥವಾಗದ್ದೇನಲ್ಲ.

ನೆನಪಿಗೆ ಬಾರದ ಸಾಲುಗಳು ಬಹಳ ಇದ್ದವು. ಕೇಸರಿ ಹಚ್ಚೋಣವಾ ಅಂತ ಆಸೆ ಆಯಿತು. ಆಡಿಟರ್ ಬೇಡ ಅಂದರು. ‘ಗೊತ್ತಿಲ್ಲದ್ದನ್ನ ವ್ಯಾಪಾರಕ್ಕೇ ಸೇರಿಸಿ. ಒಂದು ಸುಳ್ಳು ಸಿಕ್ಕಿಬಿದ್ರೆ ನಿಮ್ಮ ಹತ್ತು ನಿಜಾನೂ ಯಾರೂ ನಂಬಲ್ಲ.’

ಇಷ್ಟಾದರೂ ಮುಖ್ಯವಾದದ್ದೇ ಉಳಿದಿತ್ತು. ಹಸಿರು ಹಚ್ಚಿದ್ದರಲ್ಲಿ ಹಾಲು ಎಷ್ಟು, ಸಿಗರೇಟು ಎಷ್ಟು? ಯುಪಿಐ ಸಾಲಿನಲ್ಲಿ 46 ರೂಪಾಯಿ ಅಂತ ಇರುತ್ತೆ ಅಷ್ಟೇ, ಯಾವುದಕ್ಕೆ ಅಂತ ಇರುವುದಿಲ್ಲ. ನಾನು ಕೈಚೆಲ್ಲಿ ಕೂತೆ. ಆಗ ಆಡಿಟರ್ ಕೇಳಿದರು, ‘ಬಂದ ದುಡ್ಡು ಬಿಡಿ. ಹೋದ ದುಡ್ಡು ಎಲ್ಲಿದೆ?’

ಹೋದ ದುಡ್ಡು ನಮ್ಮ ಅಂಗಡಿಯ ಒಳಗೋಡೆಯಲ್ಲಿ ನೇತಾಡುತ್ತಿತ್ತು. ಯಜಮಾನರಿಗೆ ಅವರಪ್ಪನಿಂದ ಬಂದ ಒಂದು ಅಭ್ಯಾಸ. ಬಂದ ಚೀಟಿಯನ್ನೆಲ್ಲ ಒಂದು ಕಂಬಿಗೆ ಚುಚ್ಚಿ ಇಡುವುದು. ಕೊಕ್ಕೆಯಂತೆ ಬಗ್ಗಿಸಿದ ತಂತಿ, ಕೆಳಗೆ ಒಂದು ರಟ್ಟಿನ ತುಂಡು. ತುಂಬಿದಾಗ ತೆಗೆದು ಅಟ್ಟಕ್ಕೆ ಎಸೆಯುವುದು, ಹೊಸ ಕಂಬಿ ನೇತುಹಾಕುವುದು. ಹಾಲಿನ ಚೀಟಿ, ಬ್ರೆಡ್ಡಿನ ಚೀಟಿ, ಬಿಸ್ಕತ್ ಏಜೆನ್ಸಿ ಬಿಲ್ಲು, ಎಲ್ಲ ಒಂದರ ಮೇಲೊಂದು. ನಾನು ಎಷ್ಟೋ ಸಲ ಕಸ ಅಂತ ಎಸೆಯಲು ಹೊರಟು ಬೈಸಿಕೊಂಡಿದ್ದೆ. ಅವತ್ತು ಅಟ್ಟ ಹತ್ತಿ ಇಳಿಸಿದರೆ ಒಂಬತ್ತು ಕಂಬಿ. ಚೀಟಿಗಳ ಅಂಚೆಲ್ಲ ಹಳದಿ, ಮಧ್ಯದಲ್ಲಿ ತುಕ್ಕಿನ ತೂತು, ಎಣ್ಣೆ ಕಲೆ. ಎರಡು ಕಂಬಿಯದ್ದನ್ನು ಇಲಿ ತಿಂದಿತ್ತು. 2022ರ ಮಳೆಗಾಲದ ಲೆಕ್ಕ ಪೂರ್ತಿ ಇಲಿಯ ಹೊಟ್ಟೆಗೆ. ಆ ತಿಂಗಳುಗಳಿಗೆ ಬ್ಯಾಂಕಿನಿಂದ ಹಾಲಿನ ಏಜೆನ್ಸಿಗೆ ಹೋದ ದುಡ್ಡನ್ನೇ ತೋರಿಸಿದೆವು.

ದಿನಕ್ಕೆ 130 ಲೀಟರ್ ಹಾಲು ನಮ್ಮದು. 2023-24ರಲ್ಲಿ ಹಾಲು, ಬ್ರೆಡ್ಡು ಎರಡೇ 24 ಲಕ್ಷದ ವ್ಯಾಪಾರ ಅಂತ ಚೀಟಿಗಳಿಂದ ಹೊರಬಿತ್ತು. ಹಾಲಿನಲ್ಲಿ ನಮಗೆ ಸಿಗುವುದು ಲೀಟರಿಗೆ ಚಿಲ್ಲರೆ ಕಾಸು. ಸಿಗರೇಟೂ ಹಾಗೆಯೇ, ದುಡ್ಡು ಓಡಾಡುತ್ತೆ, ಉಳಿಯುವುದು ಕಮ್ಮಿ. ಅಂಗಡಿಯಲ್ಲಿ ಕೂತವರಿಗೆ ಮಾತ್ರ ಗೊತ್ತು, ಗಲ್ಲಾದಲ್ಲಿ ಕಾಣುವ ದುಡ್ಡೆಲ್ಲ ನಮ್ಮದಲ್ಲ ಅಂತ.

ಆದರೆ ಈ ಚೀಟಿಗಳಲ್ಲಿ ಒಂದು ಪೇಚು ಇತ್ತು. ಕೊಂಡಿದ್ದೆಲ್ಲ ತೋರಿಸಿದರೆ, ಯುಪಿಐನಲ್ಲಿ ಬಂದದ್ದಕ್ಕಿಂತ ಜಾಸ್ತಿ ಮಾರಿದ್ದೇವೆ ಅನ್ನುವುದೂ ಕಾಣುತ್ತೆ. ಇಲಾಖೆಗೆ ಗೊತ್ತಿದ್ದದ್ದು ಯುಪಿಐ ಮಾತ್ರ. ನಗದು ವ್ಯಾಪಾರ ನಾವೇ ಹೇಳಿದ ಹಾಗೆ ಆಗುತ್ತೆ. ಯಜಮಾನರು, ‘ಹಾಲಿನ ಚೀಟಿ ಮಾತ್ರ ಕೊಡೋಣ, ಬಿಸ್ಕತ್ ಬಿಲ್ಲು ಬೇಡ’ ಅಂದರು. ರಾತ್ರಿ ಹನ್ನೆರಡರವರೆಗೆ ವಾದ ಆಯಿತು. ನಾನು ಹೇಳಿದ್ದು ಇಷ್ಟೇ. ಬಿಸ್ಕತ್ತು, ಸಿಗರೇಟು ಏಜೆನ್ಸಿಯವರು ಅವರ ಲೆಕ್ಕದಲ್ಲಿ ನಮಗೆ ಮಾರಿದ್ದನ್ನು ತೋರಿಸಿಯೇ ಇರುತ್ತಾರೆ. ಅಲ್ಲಿ ಇರುವುದು ಇಲ್ಲಿ ಇಲ್ಲ ಅಂದರೆ ಆಗ ನಾವು ಗೊತ್ತಿಲ್ಲದವರಲ್ಲ, ಮುಚ್ಚಿಟ್ಟವರು. ಆಡಿಟರ್ ಕೂಡ ಅದನ್ನೇ ಅಂದರು. ಗೊತ್ತಿಲ್ಲದೆ ತಪ್ಪಿದ್ದಕ್ಕೂ ಬೇಕಂತಲೇ ಮುಚ್ಚಿಟ್ಟಿದ್ದಕ್ಕೂ ಜಿಎಸ್‌ಟಿ ಕಾನೂನಿನಲ್ಲಿ ಬೇರೆ ಬೇರೆ ಕಲಂ. 2023-24ರವರೆಗಿನ ವರ್ಷಗಳಿಗೆ ಒಂದು 73, ಇನ್ನೊಂದು 74. ಎರಡನೆಯದರಲ್ಲಿ ದಂಡವೇ ತೆರಿಗೆಯಷ್ಟು ಬೀಳುತ್ತೆ. ಎಲ್ಲ ಕೊಟ್ಟೆವು. ಆ ವರ್ಷದ ಒಟ್ಟು ವ್ಯಾಪಾರ ನಗದೂ ಸೇರಿ 61 ಲಕ್ಷ, ಅದರಲ್ಲಿ ತೆರಿಗೆ ಬೀಳುವ ಸರಕು 37 ಲಕ್ಷ ಅಂತ ಬರೆದೆವು.

ಉತ್ತರದ ಪತ್ರ ಎರಡೇ ಪುಟ. ನಾನು ಮೊದಲು ಬರೆದದ್ದರಲ್ಲಿ ನಮ್ಮ ಕಷ್ಟ, ಅತ್ತೆಯ ಆಪರೇಷನ್, ಕೊರೊನಾದಲ್ಲಿ ಅಂಗಡಿ ಮುಚ್ಚಿದ್ದು ಎಲ್ಲ ಇತ್ತು. ಆಡಿಟರ್ ಒಂದೊಂದೇ ಹೊಡೆದು ಹಾಕಿದರು. ‘ಕೇಳಿದ್ದಕ್ಕೆ ಮಾತ್ರ ಹೇಳಿ ಅಮ್ಮ. ಕಷ್ಟ ಎದುರಿಗೆ ಕೂತಾಗ ಹೇಳ್ಬಹುದು.’ ಜೊತೆಗೆ 84 ಪುಟ ಜೆರಾಕ್ಸು, ಪ್ರತಿ ಪುಟಕ್ಕೂ ನಂಬರು, ಪ್ರತಿ ಪುಟಕ್ಕೂ ಸೈನು. ಒರಿಜಿನಲ್ ಒಂದೂ ಕೊಡಲಿಲ್ಲ. ಜುಲೈ 21ರ ಸೋಮವಾರ ಎರಡು ಸೆಟ್ ತಗೊಂಡು ಹೋದೆ. ಟಪಾಲಿನವರು ಒಂದು ಸೆಟ್ ಇಟ್ಟುಕೊಂಡು, ನಮ್ಮ ಸೆಟ್ಟಿನ ಮೊದಲ ಪುಟಕ್ಕೆ ಸೀಲು, ತಾರೀಕು ಹಾಕಿಕೊಟ್ಟರು. ಆ ನೀಲಿ ಸೀಲು ಒಣಗುವವರೆಗೆ ಊದುತ್ತಾ ನಿಂತಿದ್ದೆ.

ಎರಡು ದಿನ ಆದಮೇಲೆ, 23ನೇ ತಾರೀಕು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಲೇಬೇಕು ಅಂತ ಹೇಳಿದರು. 25ಕ್ಕೆ ಕರೆದಿದ್ದ ಬಂದ್ ಕೈಬಿಟ್ಟರು. ರಸ್ತೆಯಲ್ಲಿ ಪಟಾಕಿ ಹೊಡೆಯುವುದೊಂದು ಬಾಕಿ. ಹಾರ್ಡ್‌ವೇರ್ ಅಂಗಡಿ ಅಣ್ಣ ಬಂದು, ‘ನೋಡಿದ್ಯಾ, ಸುಮ್ನಿದ್ರೆ ಸಾಕಿತ್ತು’ ಅಂತ ನಕ್ಕರು. ಎರಡು ವಾರ ನಿದ್ದೆಗೆಟ್ಟಿದ್ದು ದಂಡ ಆಯಿತಲ್ಲ ಅಂತ ನನಗೂ ಒಂದು ಕ್ಷಣ ಅನಿಸಿತು.

ಆದರೆ ಟಿವಿಯಲ್ಲಿ ಹೇಳಿದ್ದು ನಮ್ಮ ಫೈಲಿಗೆ ತಾನಾಗಿ ಬಂದು ಕೂರುವುದಿಲ್ಲ. ಆಗಸ್ಟಿನಲ್ಲಿ ಆಫೀಸಿನಿಂದ ಕರೆ ಬಂತು. ಅಧಿಕಾರಿ ಹೆಂಗಸು, ನನ್ನ ವಯಸ್ಸಿನವರೇ ಇರಬೇಕು. ಜೆರಾಕ್ಸ್ ಕಟ್ಟು ಬಿಚ್ಚಿ, ತೂತು ಬಿದ್ದ ಚೀಟಿಗಳ ನಕಲು ನೋಡಿ, ‘ಇದೇನಿದು, ಎಲ್ಲದಕ್ಕೂ ನಡುವೆ ಕರಿ ಚುಕ್ಕೆ?’ ಅಂದರು. ಕಂಬಿ ಕಥೆ ಹೇಳಿದೆ. ‘ನಮ್ಮ ತಾತನ ಅಂಗಡಿಯಲ್ಲೂ ಇತ್ತು’ ಅಂದರು. ಆಮೇಲೆ ಪ್ರಶ್ನೆಗಳು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ, ‘ನೋಡಿ ಹೇಳ್ತೀನಿ ಮೇಡಂ’ ಅಂದೆ. ಊಹೆ ಮಾಡಿ ಒಂದು ಅಂಕಿಯನ್ನೂ ಹೇಳಲಿಲ್ಲ. ಇದು ಆಡಿಟರ್ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದು.

ಕೊನೆಗೆ ಗುಮಾಸ್ತರು ಒಂದು ಹೇಳಿಕೆ ಟೈಪ್ ಮಾಡಿ ತಂದು ‘ಇಲ್ಲಿ ಸೈನ್ ಹಾಕಿ’ ಅಂದರು. ಹಿಂದೆ ಜನ ಕಾಯುತ್ತಿದ್ದರು, ಗಡಿಬಿಡಿ ಇತ್ತು. ನಾನು ಕೂತು ಓದಿದೆ. ಮೂರನೇ ಸಾಲಿನಲ್ಲಿ, ‘ಸದರಿ ಖಾತೆಗೆ ಜಮಾ ಆಗಿರುವ ಪೂರ್ಣ ಮೊತ್ತವು ವ್ಯಾಪಾರಕ್ಕೆ ಸಂಬಂಧಿಸಿದ್ದು’ ಅಂತ ಇತ್ತು. ಎದೆ ಹೊಡೆದುಕೊಂಡಿತು. ‘ಮೇಡಂ, ಇದು ಹೀಗಲ್ವಲ್ಲ, ಭಾವನ ಸಾಲ ಎಲ್ಲ ಬೇರೆ ತೋರಿಸಿದ್ದೀವಲ್ಲ’ ಅಂದೆ. ಅವರು ಓದಿ, ‘ಹೌದಲ್ಲ, ಹಳೇ ಫಾರ್ಮ್ಯಾಟಲ್ಲೇ ಹೊಡೆದಿದ್ದಾರೆ’ ಅಂತ ತಿದ್ದಿಸಿದರು. ಐದು ನಿಮಿಷದ ಕೆಲಸ, ಯಾರಿಗೂ ಕೋಪ ಬರಲಿಲ್ಲ. ಓದದೆ ಸೈನ್ ಹಾಕಿದ್ದರೆ, ನೆಲದ ಮೇಲೆ ಕೂತು ಹಚ್ಚಿದ ಕೇಸರಿ ಬಣ್ಣವೆಲ್ಲ ನೀರುಪಾಲು. ಒಂದು ನಕಲು ಕೇಳಿ ಇಸ್ಕೊಂಡೆ. ಹಳೇದನ್ನು ಮುಂದುವರಿಸುವುದಿಲ್ಲ, ನೋಂದಣಿ ಮಾಡಿಸಿ ಅಂದರು. ಅದನ್ನು ಬರಹದಲ್ಲಿ ಕೊಡಿ ಅಂತ ಕೇಳಿದೆ. ಮೂರು ವಾರ ಆದಮೇಲೆ ಕಾಗದ ಬಂತು.

ನೋಂದಣಿಗೆ ಫೀಸಿಲ್ಲ, ಆದರೆ ಓನರ್ ಆಂಟಿ ಇದ್ದರು. ಬಾಡಿಗೆ ಕರಾರು, ಕರೆಂಟು ಬಿಲ್ಲು, ಅವರ ಒಪ್ಪಿಗೆ ಪತ್ರ ಬೇಕಿತ್ತು. ‘ನನ್ನ ಹೆಸರು ಟ್ಯಾಕ್ಸಿನವರಿಗೆ ಹೋಗುತ್ತಾ?’ ಅಂತ ಒಂದು ವಾರ ಸತಾಯಿಸಿದರು. ಬಾಡಿಗೆ ನಗದಲ್ಲೇ ತಗೊಳ್ಳುವವರು ಅವರು, ಗೊತ್ತಾಯಿತಲ್ಲ. ಆಡಿಟರ್ ಫೋನಿನಲ್ಲಿ ಮಾತಾಡಿ ಒಪ್ಪಿಸಿದರು. ಏನು ಹೇಳಿದರೋ, ಕೇಳಿದರೆ ನಗುತ್ತಾರೆ.

ನಾವು ತಗೊಂಡಿದ್ದು ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಸ್ಕೀಮು. ಒಂದೂವರೆ ಕೋಟಿ ಒಳಗಿನ ವ್ಯಾಪಾರಿಗಳಿಗೆ ತೆರಿಗೆ ಬೀಳುವ ಮಾಲಿನ ಮೇಲೆ ಶೇ. 1, ಹಾಲಿಗೆ ಏನೂ ಇಲ್ಲ. ಅದನ್ನು ಗಿರಾಕಿಯಿಂದ ಬೇರೆ ವಸೂಲಿ ಮಾಡುವ ಹಾಗಿಲ್ಲ, ನಮ್ಮ ಕೈಯಿಂದಲೇ. ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದ್ದು 9,400 ಚಿಲ್ಲರೆ ಆಯಿತು, ಜನವರಿ 18ರೊಳಗೆ ಕಟ್ಟಿದೆವು. ಅಂಗಡಿಗೊಂದು ಕರೆಂಟ್ ಅಕೌಂಟು, ಅದಕ್ಕೊಂದು ಕ್ಯೂಆರ್. ‘ಕ್ಯಾಶ್ ಕೊಡಿ ಅಕ್ಕಾ’ ಅನ್ನುವವರಿಗೆ ಈಗ ಕೈಮುಗಿಯುತ್ತೇನೆ. ಕಂಬಿ ಹಾಗೇ ಇದೆ, ತುಂಬಿದಾಗ ಅಟ್ಟಕ್ಕೆ ಹೋಗುವ ಬದಲು ಮುಚ್ಚಳದ ಡಬ್ಬಿಗೆ ಹೋಗುತ್ತೆ.

ಮೊನ್ನೆ ಇಸ್ತ್ರಿ ಶರ್ಟಿನವರು ಬಂದಿದ್ದರು. ನನ್ನ ಗುರುತು ಹತ್ತಲಿಲ್ಲ. ಒಂದು ಸಿಗರೇಟು ತಗೊಂಡು ಸ್ಕ್ಯಾನ್ ಮಾಡಿದರು. ಯುಪಿಐ ಸೌಂಡ್‌ಬಾಕ್ಸು ‘ದುಡ್ಡು ಬಂತು’ ಅಂತ ಕೂಗಿತು. ‘ಸಾರ್, ಇನ್ನೂ 5 ಸಾವಿರ ಬಾಕಿ ಇದೆ’ ಅಂದೆ. ಹೊತ್ತಿಸದ ಸಿಗರೇಟು ಬಾಯಲ್ಲಿಟ್ಟುಕೊಂಡೇ ಗಾಡಿ ಹತ್ತಿದರು.